ಜನರಲ್ ನಿಂತಿದ್ದರೆ: 1969ನ್ನು ನಾನು ಮತ್ತೆ ಎಣಿಸಿದ್ದು

ದಾವಣಗೆರೆಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ದೇಶವೇ ಮೆಚ್ಚಿದ ಸೇನಾ ಜನರಲ್ ಒಬ್ಬರು ರಾಷ್ಟ್ರಪತಿ ಚುನಾವಣೆಗೆ ನಿಂತರೆ ಏನಾಗುತ್ತದೆ? "ಗೆಲ್ತಾರೆ ಬಿಡ್ರಿ, ಅದೇನ್ ಕೇಳ್ತೀರಿ" ಅನ್ನುವ ಉತ್ತರ ಚಹಾ ಬರುವ ಮೊದಲೇ ಬರುತ್ತದೆ. ಆ ಉತ್ತರವನ್ನು ಒರೆಗೆ ಹಚ್ಚಬೇಕು ಅನ್ನಿಸಿ ನಾನೊಂದು ನೀಳ್ಗತೆ ಬರೆದೆ. ಅದನ್ನು ಹೇಗೆ ಬರೆದೆ, ಎಲ್ಲಿ ಲೆಕ್ಕ ನನ್ನ ಕೈ ಹಿಡಿದು ಬೇರೆ ದಾರಿಗೆ ಎಳೆಯಿತು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಇಂಥ ಕತೆ ಬರೆಯುವ ಆಸೆಯಿರುವ ಯಾರಿಗಾದರೂ ಉಪಯೋಗಕ್ಕೆ ಬಂದರೆ ಬರಲಿ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. "ಹೀಗಾಗದೆ ಹಾಗಾಗಿದ್ದರೆ" ಅನ್ನುವ ಚರಿತ್ರೆ ನಮಗೆ ಹೊರಗಿನಿಂದ ಬಂದದ್ದೇನಲ್ಲ. ಚಿತ್ರದುರ್ಗದ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಖಾತ್ರಿ: "ಸಾರ್, ಓಬವ್ವನ ಗಂಡ ಅವತ್ತು ಊಟಕ್ಕೆ ಬರ್ದೇ ಇದ್ದಿದ್ರೆ?" ಬರದೇ ಇದ್ದಿದ್ದರೆ ಓಬವ್ವ ನೀರಿಗೆ ಹೋಗುತ್ತಿರಲಿಲ್ಲ, ಕಿಂಡಿ ಕಾಣುತ್ತಿರಲಿಲ್ಲ. ಆದರೂ 1779ರಲ್ಲಿ ದುರ್ಗ ಹೈದರನ ವಶವಾದದ್ದು ತಪ್ಪುತ್ತಿತ್ತೇ? ಮಕ್ಕಳು ಅಲ್ಲಿಗೇ ಬಿಡುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ. ಒಂದೇ ಒಂದು ಗೂಟ ಕಿತ್ತು ಬೇರೆ ಕಡೆ ನೆಡಬೇಕು, ಉಳಿದದ್ದೆಲ್ಲ ಇದ್ದಲ್ಲೇ ಇರಬೇಕು. ಎರಡು ಗೂಟ ಕಿತ್ತರೆ ಅದು ಚರಿತ್ರೆಯಲ್ಲ, ಬರೀ ಬಯಕೆ.

ಮೊದಲ ಕೆಲಸ, ಯಾವ ಜನರಲ್ ಅನ್ನುವುದು. ನಮ್ಮ ಕಡೆಯವರ ಮನಸ್ಸು ಸಹಜವಾಗಿಯೇ ಕೊಡಗಿಗೆ ಹೋಗುತ್ತದೆ. ಜನರಲ್ ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನಾ ಮುಖ್ಯಸ್ಥರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಟಾಪಟಿಯಾಗಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂತೆಗೆದುಕೊಂಡವರು. ಕತೆಗೆ ಹೇಳಿ ಮಾಡಿಸಿದ ವ್ಯಕ್ತಿ. ಆದರೆ ಅವರಿಗೆ ಸಿಗುವ ಚುನಾವಣೆ 1962ರದ್ದು ಒಂದೇ. ಆ ವರ್ಷ ಮೇ ತಿಂಗಳಲ್ಲಿ ರಾಧಾಕೃಷ್ಣನ್ ಅವರಿಗೆ ಬಂದ ಮತಮೌಲ್ಯ (ಇಲ್ಲಿ ಒಂದೊಂದು ಮತಕ್ಕೂ ಒಂದು ಬೆಲೆಯಿದೆ, ಲೆಕ್ಕ ಮುಂದೆ ಹೇಳುತ್ತೇನೆ) 5,53,067. ಎದುರಿಗೆ ನಿಂತ ಇಬ್ಬರಿಗೂ ಸೇರಿ ಹತ್ತು ಸಾವಿರ ದಾಟಲಿಲ್ಲ. ಚೀನಾ ಯುದ್ಧ ನಡೆದದ್ದು ಅದಾಗಿ ಐದು ತಿಂಗಳ ಮೇಲೆ. 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ ತಿಮ್ಮಯ್ಯ ತೀರಿಕೊಂಡರು. ಸತ್ತವರನ್ನು ಎಬ್ಬಿಸುವುದಾದರೆ ಅದು ಎರಡನೇ ಗೂಟ.

ಮಾಣಿಕ್‌ಷಾ ಯಾಕೆ ಬೇಡ ಅಂತ ಹುಡುಗರು ಈಗಲೂ ಕೇಳುತ್ತಾರೆ. 1971ರ ಯುದ್ಧ ಗೆದ್ದು 1973ರಲ್ಲಿ ಫೀಲ್ಡ್ ಮಾರ್ಷಲ್ ಆದವರು, ಸರಿ. ಆದರೆ 1974ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ 7,65,587 ಮತ ತೆಗೆದುಕೊಂಡರು, ಎದುರಾಳಿಗೆ ಬಂದಿದ್ದು 1,89,196. ಅಲ್ಲಿ ಕೈಯಾಡಿಸಲು ಜಾಗವೇ ಇಲ್ಲ. ಇನ್ನೊಂದು ತೊಡಕೂ ಇದೆ. ಫೀಲ್ಡ್ ಮಾರ್ಷಲ್ ಕೊನೆಯುಸಿರಿನ ತನಕ ಸೇನೆಯ ಪಟ್ಟಿಯಲ್ಲೇ ಇರುತ್ತಾರೆ, ನಿವೃತ್ತಿ ಅನ್ನುವುದಿಲ್ಲ. ಸಂವಿಧಾನದ 58ನೇ ವಿಧಿ ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರುವವರು ರಾಷ್ಟ್ರಪತಿ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನುತ್ತದೆ. ಇವೆರಡನ್ನೂ ಕಟ್ಟಿ ವಾದಿಸುವ ವಕೀಲರ ಕತೆ ಬೇರೆ ಯಾರಾದರೂ ಬರೆಯಲಿ.

ಉಳಿದವರು ಕೆ.ಎಂ. ಕಾರ್ಯಪ್ಪ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. ಇವತ್ತಿಗೂ ಆ ದಿನವೇ ಸೇನಾ ದಿನ. 1953ರಲ್ಲಿ ನಿವೃತ್ತಿ, ಆಮೇಲೆ ಆಸ್ಟ್ರೇಲಿಯಾದಲ್ಲಿ ಹೈಕಮಿಷನರ್, ಆಮೇಲೆ ಮಡಿಕೇರಿಯ ಮನೆ. ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ಅಂದರೆ 1969ರಲ್ಲಿ ಅವರು ನಿವೃತ್ತ ಜನರಲ್, 58ನೇ ವಿಧಿಯ ಕಾಟವಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಅವರು ನಿಜವಾಗಿಯೂ ಚುನಾವಣೆಗೆ ನಿಂತಿದ್ದರು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. "ಅಂಥವರು ರಾಜಕೀಯಕ್ಕೆ ಬರ್ತಿದ್ರಾ?" ಅಂತ ಯಾರೂ ನನ್ನನ್ನು ಕೇಳುವಂತಿಲ್ಲ. ಬಂದಿದ್ದರು. ನಾನು ಎರಡು ವರ್ಷ ಮುಂಚೆ ಕರೆದೆ, ಅಷ್ಟೇ.

1969 ಯಾಕೆ ಅಂದರೆ, ನಮ್ಮ ಗಣರಾಜ್ಯದ ಚರಿತ್ರೆಯಲ್ಲಿ ರಾಷ್ಟ್ರಪತಿ ಚುನಾವಣೆ ಕೂದಲೆಳೆಯಲ್ಲಿ ತೀರ್ಮಾನವಾದದ್ದು ಅದೊಂದೇ ಸಲ. ಈ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2 ಅಂತ ಇಷ್ಟದ ಕ್ರಮ ಬರೆಯುತ್ತಾರೆ; ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಬೇಕಾಗಿ ಬಂದದ್ದೂ ಆವತ್ತೊಂದೇ. ಮೇ 3ರಂದು ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಕಾಂಗ್ರೆಸ್ ಸೇರಿತು, ನೀಲಂ ಸಂಜೀವ ರೆಡ್ಡಿ ಪಕ್ಷದ ಅಭ್ಯರ್ಥಿಯಾದರು. ಅವರ ನಾಮಪತ್ರಕ್ಕೆ ಇಂದಿರಾ ಗಾಂಧಿ ತಾವೇ ಸಹಿ ಹಾಕಿ, ಆಮೇಲೆ ಆತ್ಮಸಾಕ್ಷಿಯ ಮತದ ಮಾತೆತ್ತಿದರು. ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಗಿರಿ ಅದಕ್ಕೆ ಮುಂಚೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿದ್ದವರು. ಸ್ವತಂತ್ರ ಪಕ್ಷ, ಜನಸಂಘ ಸೇರಿ ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದವು.

ನಾನು ಕಿತ್ತ ಗೂಟ ಇದೇ. ದೇಶಮುಖ್ ಜಾಗದಲ್ಲಿ ಕಾರ್ಯಪ್ಪ.

ಇದು ಎಷ್ಟು ಸಹಜ ಅಂತ ನೋಡಿ. 1967ರಲ್ಲಿ ವಿರೋಧ ಪಕ್ಷಗಳು ನಿಲ್ಲಿಸಿದ್ದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೋಕಾ ಸುಬ್ಬರಾವ್ ಅವರನ್ನು. 1969ರಲ್ಲಿ ಐಸಿಎಸ್ (ಬ್ರಿಟಿಷರ ಕಾಲದ ಆಡಳಿತ ಸೇವೆ) ಅಧಿಕಾರಿ, ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ದೇಶಮುಖ್ ಅವರನ್ನು. ಪಕ್ಷದ ವಾಸನೆಯಿಲ್ಲದ ದೊಡ್ಡ ಮನುಷ್ಯರನ್ನು ಹುಡುಕುವುದು ಅವರ ಪದ್ಧತಿಯೇ ಆಗಿತ್ತು. ನ್ಯಾಯಮೂರ್ತಿ, ಐಸಿಎಸ್ ಆದ ಮೇಲೆ ಜನರಲ್ ಬಂದರೆ ಯಾರ ಹುಬ್ಬೂ ಏರುವುದಿಲ್ಲ. ಆಗಿನ ಕಾನೂನಿನಲ್ಲಿ ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ದರೆ ನಾಮಪತ್ರ ಹಾಕಬಹುದಿತ್ತು. ಅದಕ್ಕೇ ಆ ವರ್ಷ ಕಣದಲ್ಲಿ ಹದಿನೈದು ಮಂದಿ. ಐವರಿಗೆ ಒಂದೇ ಒಂದು ಮತ ಬೀಳಲಿಲ್ಲ. ಒಬ್ಬರಿಗೆ ಬಿದ್ದದ್ದು ಸರಿಯಾಗಿ 576. ಯಾರೋ ಒಬ್ಬ ಸಂಸದರ ಕರುಣೆ ಇರಬೇಕು, ಯಾಕಂದರೆ ಆಗ ಒಬ್ಬ ಸಂಸದರ ಮತದ ಮೌಲ್ಯ 576.

ಮತಮೌಲ್ಯವೇ ನನ್ನ ಕತೆಯ ಬೆನ್ನೆಲುಬು. ರಾಷ್ಟ್ರಪತಿ ಚುನಾವಣೆಯಲ್ಲಿ ನಿಮಗೂ ನನಗೂ ಮತವಿಲ್ಲ. ಚುನಾಯಿತ ಸಂಸದರು, ಚುನಾಯಿತ ಶಾಸಕರು ಮಾತ್ರ ಹಾಕುತ್ತಾರೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಬೆಲೆ. 1961ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ 2,35,86,772 ಜನ. ವಿಧಾನಸಭೆಯಲ್ಲಿ 216 ಸ್ಥಾನ. ಭಾಗಿಸಿದರೆ 109. ಉತ್ತರ ಪ್ರದೇಶದ ಶಾಸಕರಿಗೆ 174. ಜನರಲ್ ಸಾಹೇಬರ ತವರು ಕೊಡಗಿನಲ್ಲಿ ಆಗ ಮೂರು ಕ್ಷೇತ್ರ. ಮೂರೂ ಸೇರಿ 327. ಇಡೀ ಕೊಡಗು ಒಟ್ಟಾಗಿ ನಿಂತರೂ ಒಬ್ಬ ಸಂಸದರಿಗೆ ಸಮವಿಲ್ಲ! ಈ 327 ಅನ್ನುವ ಅಂಕಿಯನ್ನು ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟೆ. ಆಗ ಅದು ಬರೀ ತಮಾಷೆಗೆ.

ಅಮೆರಿಕದಲ್ಲಾದರೆ ಮಾತು ಬೇರೆ. ಐಸೆನ್‌ಹೋವರ್ 1952ರ ಮಾರ್ಚಿನಲ್ಲಿ ಯುರೋಪಿನಲ್ಲಿ ನೇಟೋ ಪಡೆಯ ಮುಖ್ಯಸ್ಥರಾಗಿ ಕೂತಿದ್ದಾಗಲೇ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಗೆದ್ದರು. ನವೆಂಬರಿನಲ್ಲಿ 442 ಎಲೆಕ್ಟರ್ ಮತ, ಎದುರಾಳಿಗೆ 89. ಜನರ ಪ್ರೀತಿ ಅಲ್ಲಿ ನೇರವಾಗಿ ಪೆಟ್ಟಿಗೆಗೆ ಬೀಳುತ್ತದೆ. ಹಾಗಂತ ಅಲ್ಲೂ ಎಲ್ಲ ಜನರಲ್‌ಗಳೂ ಗೆಲ್ಲಲಿಲ್ಲ. 1948ರಲ್ಲಿ ಮ್ಯಾಕಾರ್ಥರ್ ಹೆಸರು ವಿಸ್ಕಾನ್ಸಿನ್‌ನಲ್ಲಿ ಮುಗ್ಗರಿಸಿತು. ನಮ್ಮ ಓದುಗರ ತಲೆಯಲ್ಲಿರುವುದು ಐಸೆನ್‌ಹೋವರ್ ಚಿತ್ರ. ನಮ್ಮ ಸಂವಿಧಾನದ್ದು ಬೇರೆ ಯಂತ್ರ.

ಆ ಯಂತ್ರವನ್ನು ಕತೆಯಲ್ಲಿ ತೋರಿಸಲು ಪಾಠ ಮಾಡಿದರೆ ಓದುಗ ಎದ್ದು ಹೋಗುತ್ತಾನೆ, ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಅದು ಗೊತ್ತು. ಹಾಗಾಗಿ ಒಂದು ದೃಶ್ಯ ಕಟ್ಟಿದೆ. ಜನರಲ್ ಸಾಹೇಬರು ಮೀಟರ್‌ಗೇಜ್ ರೈಲಿನಲ್ಲಿ ದಾವಣಗೆರೆಗೆ ಬರುತ್ತಾರೆ. ಕಾಟನ್ ಮಿಲ್ಲಿನ ಪಾಳಿ ಬಿಟ್ಟ ಹೊತ್ತು. ಪ್ಲಾಟ್‌ಫಾರಂ ತುಂಬ ಜನ, ಮಾಜಿ ಸೈನಿಕರು ಮೆಡಲ್ ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ, ಹೂವಿನ ಹಾರ, ಜೈಕಾರ. ನನ್ನ ಕತೆಯ ಗುಮಾಸ್ತ ಗುಂಪನ್ನು ನೋಡುತ್ತಾ ಎಣಿಸುತ್ತಾನೆ. ಈ ಸಾವಿರಾರು ಜನರಲ್ಲಿ ಯಾರಿಗೂ ಮತವಿಲ್ಲ. ಸ್ಟೇಷನ್ ಮಾಸ್ತರರ ಕೋಣೆಯ ಬಾಗಿಲಲ್ಲಿ ವಾಚು ನೋಡಿಕೊಳ್ಳುತ್ತಾ ನಿಂತ ಶಾಸಕರೊಬ್ಬರಿದ್ದಾರಲ್ಲ, ಅವರಿಗೆ 109. ಅವರು ಹಾರ ತಂದಿಲ್ಲ. ಓದಿದವರು ಎಲ್ಲಕ್ಕಿಂತ ಹೆಚ್ಚು ನೆನಪಿಟ್ಟುಕೊಂಡದ್ದು ಈ ದೃಶ್ಯವನ್ನೇ.

ಆಮೇಲೆ ಎದುರು ಪಕ್ಷ ಏನು ಮಾಡುತ್ತಿತ್ತು ಅನ್ನುವುದು. ಇದಕ್ಕೆ ನಾನು ಆ ವರ್ಷದ ತಾರೀಖುಗಳನ್ನು ಒಂದರ ಪಕ್ಕ ಒಂದು ಬರೆದುಕೊಂಡೆ. 1969ರ ಮಾರ್ಚ್ 25, ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಇಳಿದು ಇನ್ನೊಬ್ಬ ಜನರಲ್ ಯಾಹ್ಯಾ ಖಾನ್ ಕೈಗೆ ದೇಶ ಒಪ್ಪಿಸಿದರು. ಮಾರ್ಚ್ 28, ಐಸೆನ್‌ಹೋವರ್ ನಿಧನ. ಏಪ್ರಿಲ್ 28, ಫ್ರಾನ್ಸಿನಲ್ಲಿ ಜನರಲ್ ಡಿಗಾಲ್ ರಾಜೀನಾಮೆ. ಮೇ 3, ನಮ್ಮ ರಾಷ್ಟ್ರಪತಿಯ ಕುರ್ಚಿ ಖಾಲಿ. ಆರು ವಾರದೊಳಗೆ ರಾಷ್ಟ್ರಾಧ್ಯಕ್ಷರಾದ ಮೂವರು ಜನರಲ್‌ಗಳ ಸುದ್ದಿ, ಅದರ ಬೆನ್ನಿಗೇ ನಮ್ಮ ಚುನಾವಣೆ. ಇಂಥದ್ದನ್ನು ನಾನು ಕಲ್ಪಿಸಿ ಬರೆದಿದ್ದರೆ "ಅತಿಯಾಯ್ತು ಮೇಷ್ಟ್ರೇ" ಅನ್ನುತ್ತಿದ್ದರು.

ಈ ಮೂರರಲ್ಲಿ ಕಾರ್ಯಪ್ಪನವರಿಗೆ ಪೆಟ್ಟು ಕೊಡುತ್ತಿದ್ದದ್ದು ಮೊದಲನೆಯದು. ಅಯೂಬ್ 1965ರ ಜನವರಿಯಲ್ಲಿ ಫಾತಿಮಾ ಜಿನ್ನಾ ಎದುರು ಗೆದ್ದದ್ದೂ ಇಂಥದೇ ಪರೋಕ್ಷ ಚುನಾವಣೆಯಲ್ಲಿ. ಮತದಾರರು ಎಂಬತ್ತು ಸಾವಿರ ಮಂದಿ ಮಾತ್ರ, ಆ ವ್ಯವಸ್ಥೆಯನ್ನು ಮಾಡಿದವರೂ ಅವರೇ. ದೆಹಲಿಯ ಸೆಂಟ್ರಲ್ ಹಾಲಿನಲ್ಲಿ ಯಾರಾದರೂ "ನಮಗೂ ಒಬ್ಬ ಯಾಹ್ಯಾ ಬೇಕೇ?" ಅಂದರೆ ಸಾಕಿತ್ತು. ನಿಜವಾದ ಚುನಾವಣೆಯಲ್ಲೂ ಸಂಜೀವ ರೆಡ್ಡಿಯವರ ವಿರುದ್ಧ ಹೆಸರಿಲ್ಲದ ಕರಪತ್ರ ಹಂಚಿದ್ದರು. ಆ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರಾಷ್ಟ್ರಪತಿ ಗಿರಿ ಖುದ್ದಾಗಿ ಸಾಕ್ಷಿ ಹೇಳಿದರು. ನನ್ನ ಕತೆಯಲ್ಲಿ ಜನರಲ್ ವಿರುದ್ಧ ಎರಡನೇ ಕರಪತ್ರವೊಂದು ಓಡಾಡುತ್ತದೆ. ಸಂವಿಧಾನದ 53ನೇ ವಿಧಿಯಲ್ಲಿ ಸೇನಾಪಡೆಗಳ ಪರಮಾಧಿಕಾರ ರಾಷ್ಟ್ರಪತಿಯದು ಅಂತಿದೆ. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಬದ್ಧ ಅಂತ ಖಡಾಖಂಡಿತವಾಗಿ ಬರೆದದ್ದು 1976ರ 42ನೇ ತಿದ್ದುಪಡಿಯಲ್ಲಿ. 1969ರಲ್ಲಿ ಹೆದರಿಸಲು ಇಷ್ಟು ಸಾಮಗ್ರಿ ಧಾರಾಳ.

ಕಾರ್ಯಪ್ಪನವರ ಕಡೆಗೂ ಉತ್ತರ ಇತ್ತು. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದರು. ಸ್ವಾತಂತ್ರ್ಯಕ್ಕೆ ಮುಂಚೆ ಒಂದೇ ಸೇನೆಯಲ್ಲಿದ್ದ ಪರಿಚಯದ ಮೇಲೆ ಅಯೂಬ್ ವಿಶೇಷವಾಗಿ ನೋಡಿಕೊಳ್ಳಲು ಮುಂದಾದಾಗ, ಸೆರೆಸಿಕ್ಕ ಎಲ್ಲರೂ ತನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡ ಅಂದುಬಿಟ್ಟರು ಈ ತಂದೆ. ಕೊಡಗಿನಲ್ಲಿ ಮಾತ್ರವಲ್ಲ, ಪಂಜಾಬಿನ ಹಳ್ಳಿಗಳಲ್ಲೂ ಈ ಮಾತಿಗೆ ತೂಕವಿತ್ತು. ಪಂಜಾಬನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ, ಸ್ವಲ್ಪ ತಾಳಿ.

ಈಗ ಚಿತ್ರದುರ್ಗ. ಆಗ ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರು ಯಾರು? ನಮ್ಮ ಎಸ್. ನಿಜಲಿಂಗಪ್ಪ. ದುರ್ಗದಲ್ಲಿ ವಕೀಲಿ ಮಾಡಿ, ಮುಖ್ಯಮಂತ್ರಿಯಾಗಿ, ಕೊನೆಗಾಲದಲ್ಲೂ ದುರ್ಗದ ಮನೆಯಲ್ಲೇ ಇದ್ದವರು. ಸೀಬಾರದ ಅವರ ಸ್ಮಾರಕದ ಮುಂದೆ ಹೆದ್ದಾರಿಯಲ್ಲಿ ದಿನಾ ಸಾವಿರಾರು ಗಾಡಿ ಹೋಗುತ್ತವೆ. ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯ ಕೊಡಿ ಅಂತ ಸ್ವತಂತ್ರ ಪಕ್ಷ, ಜನಸಂಘದ ನಾಯಕರನ್ನು ಕೇಳಿದವರು ಅವರೇ. ಅದನ್ನೇ ಹಿಡಿದುಕೊಂಡು ಇಂದಿರಾ ಗಾಂಧಿಯವರ ಕಡೆಯವರು ವಿಪ್ (ಇಂಥವರಿಗೇ ಮತ ಹಾಕಿ ಅನ್ನುವ ಪಕ್ಷದ ಆಜ್ಞೆ) ಬೇಡ, ಆತ್ಮಸಾಕ್ಷಿ ಬೇಕು ಅಂದರು. ನವೆಂಬರಿನಲ್ಲಿ ಪಕ್ಷ ಎರಡಾಯಿತು. ದೇಶದ ರಾಜಕೀಯ ಆವತ್ತು ಮತಪತ್ರದ ಎರಡನೇ ಅಂಕಿಯ ಮೇಲೆ ತಿರುಗಿತು, ಆ ಅಂಕಿ ಬರೆಸಲು ಓಡಾಡಿದವರು ದುರ್ಗದವರು. ಇಷ್ಟು ಹತ್ತಿರ ಚರಿತ್ರೆ ಇಟ್ಟುಕೊಂಡು ನಾವು ಮಕ್ಕಳಿಗೆ ಪಾಣಿಪತ್ ಕದನದ ಇಸವಿ ಬಾಯಿಪಾಠ ಮಾಡಿಸುತ್ತೇವೆ.

ಹಾಗಾಗಿ ಕತೆಯ ಕಣ್ಣು ದುರ್ಗದ ವಕೀಲರ ಕಚೇರಿಯ ಒಬ್ಬ ಎಳೆಯ ಗುಮಾಸ್ತನದು. ಅವನು ಕಲ್ಪನೆಯವನು, ಹೆಸರಿಟ್ಟಿಲ್ಲ. ಟ್ರಂಕ್ ಕಾಲ್ ಬುಕ್ ಮಾಡುವುದು, ತಂತಿ ಕೊಡುವುದು, ಶಾಸಕರ ಪಟ್ಟಿ ಟೈಪ್ ಮಾಡುವುದು ಅವನ ಕೆಲಸ. ನಿಜವಾದ ನಾಯಕರ ಬಾಯಲ್ಲಿ ನಾನು ಒಂದು ವಾಕ್ಯವನ್ನೂ ಕಟ್ಟಿ ಇಡಲಿಲ್ಲ. ನಿಜಲಿಂಗಪ್ಪನವರು ಕೋಣೆಯೊಳಗೆ ಹೋಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತದೆ, ಹೊರಗೆ ಬಂದಾಗ ಮುಖ ಹೇಗಿತ್ತು ಅನ್ನುವುದಷ್ಟೇ ಗುಮಾಸ್ತನಿಗೆ ಕಾಣುವುದು. ಜನರಲ್ ಸಾಹೇಬರೂ ಅಷ್ಟೇ, ಕೈಕುಲುಕುತ್ತಾರೆ, ಷೂ ಪಾಲಿಷ್ ಹೊಳೆಯುತ್ತದೆ, ಮಾತು ಎರಡೋ ಮೂರೋ ಪದ. ತೀರಿಹೋದ ದೊಡ್ಡವರ ಬಾಯಿಗೆ ನಮ್ಮ ಮಾತು ತುರುಕುವುದು ನನಗೆ ಹಿಡಿಸದ ಕೆಲಸ. ಕತೆಗೂ ಅದರಿಂದ ನಷ್ಟವಾಗಲಿಲ್ಲ.

ಇನ್ನು ಎಣಿಕೆ. ಮೊದಲು ನಿಜವಾದ ಫಲಿತಾಂಶ ಬರೆದುಕೊಂಡೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769, ಉಳಿದವರೆಲ್ಲ ಸೇರಿ 8,505. ಗೆಲ್ಲಲು ಬೇಕಾದ ಕೋಟಾ, ಅಂದರೆ ಒಟ್ಟು ಮತದ ಅರ್ಧಕ್ಕಿಂತ ಹೆಚ್ಚು, 4,18,169. ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮುಂದಿನ ಪ್ರಾಶಸ್ತ್ಯ ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ಜನರಲ್ ಗೆಲ್ಲಬಹುದೇ ಅಂತ ಮೊದಲು ನೋಡಿದೆ. ದೇಶಮುಖ್ ಮತವೆಲ್ಲ ಅವರಿಗೇ ಅಂತಿಟ್ಟುಕೊಂಡರೂ ರೆಡ್ಡಿಯವರನ್ನು ದಾಟಿ ಎರಡನೇ ಸ್ಥಾನಕ್ಕೆ ಬರಲು ರೆಡ್ಡಿಯವರ ಬುಟ್ಟಿಯಿಂದಲೇ ಒಂದು ಲಕ್ಷಕ್ಕಿಂತ ಹೆಚ್ಚು ಕೀಳಬೇಕು. ಸಂಸದರ ಲೆಕ್ಕದಲ್ಲಿ 175 ಮಂದಿ. ಹಾಗೊಂದು ಪವಾಡವಾದರೂ ಆಮೇಲೆ ರೆಡ್ಡಿಯವರ ಉಳಿದ ಎರಡು ಲಕ್ಷ ಚಿಲ್ಲರೆ ಮತ ಹಂಚುವಾಗ ಗಿರಿಯವರಿಗೆ ಬೇಕಾದದ್ದು 16,654 ಮಾತ್ರ. ನೂರಕ್ಕೆ ಎಂಟು. ನಿಜವಾದ ಎಣಿಕೆಯಲ್ಲಿ ಕೈಬಿಟ್ಟವರ ಮತದಲ್ಲಿ ನೂರಕ್ಕೆ ಹದಿನೈದು ಗಿರಿಯವರಿಗೇ ಹೋಗಿತ್ತು. ಅಂದರೆ ಜನರಲ್ ಗೆಲ್ಲಬೇಕಾದರೆ ನಾನು ಒಂದಲ್ಲ, ಹತ್ತು ಗೂಟ ಕೀಳಬೇಕು. ಇದನ್ನು ಬರೆದು ಮುಗಿಸಿ ಪೆನ್ನು ಕೆಳಗಿಡಬಹುದಿತ್ತು.

ಆದರೆ ಪ್ರಶ್ನೆಯನ್ನೇ ತಿರುಗಿಸಿ ಕೇಳಿದೆ. ಗೆಲ್ಲದ ಜನರಲ್ ಯಾರನ್ನು ಗೆಲ್ಲಿಸುತ್ತಾರೆ?

ಅಂತರ 14,650. ಅದರ ಅರ್ಧಕ್ಕೆ ಒಂದು ಹೆಚ್ಚು, ಅಂದರೆ 7,326 ಮತ ಗಿರಿಯವರ ಕಡೆಯಿಂದ ಜನರಲ್ ಕಡೆಗೆ ಬಂದು, ಅಲ್ಲಿಂದ ಎರಡನೇ ಪ್ರಾಶಸ್ತ್ಯದಲ್ಲಿ ರೆಡ್ಡಿಯವರಿಗೆ ಹರಿದರೆ ಸಾಕು, ಗಿರಿ ಸೋತರು. ಅಷ್ಟು ಮತ ಎಲ್ಲಿಂದ? ಇಲ್ಲಿ ಬಂತು ಪಂಜಾಬ್. 1969ರ ಫೆಬ್ರವರಿಯಲ್ಲಿ ಅಲ್ಲಿ ಮಧ್ಯಂತರ ಚುನಾವಣೆ ನಡೆದು ಅಕಾಲಿ ದಳ 104ರಲ್ಲಿ 43 ಸ್ಥಾನ ಗೆದ್ದಿತ್ತು, ಜನಸಂಘದ ಜೊತೆ ಸೇರಿ ಸರ್ಕಾರ ಮಾಡಿತ್ತು. ರಾಷ್ಟ್ರಪತಿ ಚುನಾವಣೆಯಲ್ಲಿ ಮಾತ್ರ ಅಕಾಲಿಗಳು ಗಿರಿಯವರ ಕಡೆ ನಿಂತರು. ಐಸಿಎಸ್ ದೇಶಮುಖ್ ಬದಲು ಜನಸಂಘದವರ ಕೈಯಲ್ಲಿ ಜನರಲ್ ಕಾರ್ಯಪ್ಪ ಇದ್ದಿದ್ದರೆ? ಮನೆಗೊಬ್ಬ ಸಿಪಾಯಿಯಿರುವ ಊರುಗಳ ಶಾಸಕರು, ನಾಲ್ಕು ವರ್ಷದ ಹಿಂದೆ ಖೇಮ್‌ಕರಣ್ ಹೊಲಗಳಲ್ಲಿ ಟ್ಯಾಂಕ್ ಸುಟ್ಟದ್ದನ್ನು ಕಂಡವರು. ಪಂಜಾಬಿನ ಒಬ್ಬ ಶಾಸಕರ ಮತ 107. ನಲವತ್ತಮೂರಕ್ಕೆ 4,601. ಸೈನಿಕ ಕುಟುಂಬಗಳು ಹೆಚ್ಚಿರುವ ಕಡೆಗಳ ಐವರು ಸಂಸದರು ಸೇರಿದರೆ 2,880. ಒಟ್ಟು 7,481.

ತಮ್ಮನ ಮಗ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆಗೆದು ಕೂತಿದ್ದ. ನಾನು ಚೀಟಿ ಕತ್ತರಿಸಿ ಊಟದ ಮೇಜಿನ ಮೇಲೆ ಗುಡ್ಡೆ ಹಾಕಿದ್ದೆ. "ದೊಡ್ಡಪ್ಪ, ಗಿರಿ 4,12,596, ರೆಡ್ಡಿ 4,12,908" ಅಂದ. ಅಂತರ 312. ನಿಗದಿತ ಕೋಟಾ ಇಬ್ಬರಿಗೂ ಮುಟ್ಟಲಿಲ್ಲ, ಆದರೆ ಕೊನೆಗೆ ಉಳಿದವರಲ್ಲಿ ಹೆಚ್ಚು ಬಂದವರೇ ರಾಷ್ಟ್ರಪತಿ. ನನ್ನ ಕಣ್ಣು ನೋಟ್‌ಬುಕ್ಕಿನ ಅಂಚಿಗೆ ಹೋಯಿತು. ಕೊಡಗಿನ ಮೂವರು: 327.

ಕೊಡಗಿನ ಮೂವರು ಶಾಸಕರು ನಿಜದಲ್ಲಿ ಯಾರಿಗೆ ಹಾಕಿದರೋ ಗುಪ್ತ ಮತದಾನ ಹೇಳುವುದಿಲ್ಲ. ಮೈಸೂರು ರಾಜ್ಯದ ಕಾಂಗ್ರೆಸ್ ಹೆಚ್ಚಿನಂಶ ನಿಜಲಿಂಗಪ್ಪನವರ ಹಿಂದೆ ಇದ್ದುದರಿಂದ ರೆಡ್ಡಿಯವರ ಲೆಕ್ಕದಲ್ಲಿ ಸೇರಿಸಿಕೊಂಡಿದ್ದೆ. ತಮ್ಮ ಜನರಲ್ ನಿಂತಿರುವಾಗ ಅವರು ಮೊದಲ ಮತ ಜನರಲ್‌ಗೆ ಹಾಕದೆ ಇರುತ್ತಾರೆಯೇ? ಹಾಕಿಯೇ ಹಾಕುತ್ತಾರೆ. ಹಾಕಿ, ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಬರೆದರೆ ರೆಡ್ಡಿ 312ರಲ್ಲಿ ಗೆಲ್ಲುತ್ತಾರೆ. ಅಭಿಮಾನಕ್ಕೆ ಬಿದ್ದು ಎರಡನೆಯದನ್ನು ಖಾಲಿ ಬಿಟ್ಟರೆ ಆ 327 ಅಲ್ಲೇ ಸಾಯುತ್ತದೆ, ಗಿರಿ 15ರಲ್ಲಿ ಗೆಲ್ಲುತ್ತಾರೆ. ಒಬ್ಬ ಸಂಸದನಿಗೂ ಸಮವಿಲ್ಲದ ಕೊಡಗು ಈಗ ಇಡೀ ಚುನಾವಣೆಯ ಬೀಗದಕೈ. ಇದನ್ನು ನಾನು ಹುಡುಕಿ ತಂದದ್ದಲ್ಲ, ಲೆಕ್ಕವೇ ತಂದು ಮುಂದಿಟ್ಟಿತು. ಅವತ್ತು ರಾತ್ರಿ ನಮ್ಮ ಮನೆಯವರು ಊಟಕ್ಕೆ ಮೇಜು ಬಿಡಿಸಿಕೊಡಲು ಮೂರು ಸಲ ಹೇಳಬೇಕಾಯಿತು.

ಅಲ್ಲಿಂದಾಚೆ ಕತೆ ತಾನಾಗಿ ನಡೆಯಿತು. ಗುಮಾಸ್ತ ವಿಧಾನಸೌಧದ ಮೆಟ್ಟಿಲ ಬಳಿ ಕಾಯುತ್ತಾನೆ. ದುರ್ಗದಿಂದ ಬಂದ ಸಂದೇಶ ಒಂದೇ: ಎರಡನೇ ಅಂಕಿ ಮರೆಯಬೇಡಿ. ಮೂವರು ಒಳಗೆ ಹೋಗುತ್ತಾರೆ. ಯಾರು ಏನು ಬರೆದರು ಅಂತ ಗುಮಾಸ್ತನಿಗೂ ಗೊತ್ತಿಲ್ಲ, ಆಗಸ್ಟ್ 20ರ ಆಕಾಶವಾಣಿ ವಾರ್ತೆಯವರೆಗೆ ಓದುಗನಿಗೂ ಗೊತ್ತಾಗುವುದಿಲ್ಲ.

ಮೊದಲ ಕರಡಿನಲ್ಲಿ ನಾನು ಖಾಲಿ ಬಿಡಿಸಿದ್ದೆ. ಗಿರಿ 15ರಲ್ಲಿ ಗೆದ್ದು ಚರಿತ್ರೆ ತನ್ನ ಹಳೇ ಹಳಿಗೆ ವಾಪಸ್. ದಾವಣಗೆರೆಯ ಗೆಳೆಯರ ಮನೆಯಲ್ಲಿ ಓದಿದಾಗ, ಖಾರ ಮಂಡಕ್ಕಿ ಮಿರ್ಚಿ ತಟ್ಟೆ ಖಾಲಿಯಾಗುವ ಹೊತ್ತಿಗೆ, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಕೇಳಿದರು, "ಎಲ್ಲಾ ಸರಿ ಮೇಷ್ಟ್ರೇ, ಕೊನೀಗೆ ಏನೂ ಬದಲಾಗ್ಲಿಲ್ಲ ಅಂದ್ರೆ ನಮ್ಮನ್ನ ಯಾಕ್ ಇಷ್ಟೊತ್ತು ಕೂರಿಸಿದ್ರಿ?" ನನಗೆ ಅದು ಇಷ್ಟವಾದ ಮುಕ್ತಾಯವಾಗಿತ್ತು, ಈಗಲೂ ಇದೆ. ಆದರೆ ಅವರ ಮಾತಿನಲ್ಲೂ ನ್ಯಾಯವಿತ್ತು. ಹೀಗಾಗದೆ ಹಾಗಾಗಿದ್ದರೆ ಅಂತ ಕರೆದ ಮೇಲೆ ಹಾಗಾಗಬೇಕು. ರೆಡ್ಡಿಯವರನ್ನು 312ರಲ್ಲಿ ಗೆಲ್ಲಿಸಿದೆ.

ಕೂಡಲೇ ಇನ್ನೊಬ್ಬರು, ಬ್ಯಾಂಕಿನಲ್ಲಿದ್ದವರು: "ಹಂಗಾದ್ರೆ ಬ್ಯಾಂಕ್ ರಾಷ್ಟ್ರೀಕರಣ ಆಗ್ತಿರ್ಲಿಲ್ಲ ಅನ್ನಿ." ಆಗುತ್ತಿತ್ತು. ಹದಿನಾಲ್ಕು ಬ್ಯಾಂಕುಗಳ ಸುಗ್ರೀವಾಜ್ಞೆ ಜುಲೈ 19ರದ್ದು, ಹಂಗಾಮಿ ರಾಷ್ಟ್ರಪತಿ ಗಿರಿ ರಾಜೀನಾಮೆ ಕೊಡುವ ಹಿಂದಿನ ದಿನದ ಸಹಿ. ಆಮೇಲಿನ ಕಾಯ್ದೆಗೆ ಒಪ್ಪಿಗೆ ಕೊಟ್ಟವರು ರಾಷ್ಟ್ರಪತಿಯ ಕೆಲಸ ನೋಡುತ್ತಿದ್ದ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ. ಮತದಾನವಿದ್ದದ್ದು ಆಗಸ್ಟ್ 16ರಂದು, ಅಷ್ಟರಲ್ಲಿ ಬ್ಯಾಂಕುಗಳು ಸರ್ಕಾರದವಾಗಿದ್ದವು. ಬದಲಾಗಬಹುದಾದದ್ದು 1970ರ ರಾಜರ ಮಾನ್ಯತೆ ರದ್ದತಿ ಆದೇಶ, ಆ ಡಿಸೆಂಬರಿನ ಲೋಕಸಭೆ ವಿಸರ್ಜನೆ. ಅವೆರಡಕ್ಕೂ ರೆಡ್ಡಿಯವರು ಸಹಿ ಹಾಕುತ್ತಿದ್ದರೋ ಇಲ್ಲವೋ ಅನ್ನುವುದು ಇನ್ನೊಂದು ಕತೆ, ನಾನು ವಾರ್ತೆ ಮುಗಿಯುತ್ತಲೇ ನಿಲ್ಲಿಸಿದೆ.

ಸಣ್ಣಪುಟ್ಟ ವಿಷಯಗಳಲ್ಲಿ ಎಚ್ಚರ ಬೇಕು ಅಂತ ಬರೆಯುವವರಿಗೆ ಹೇಳುತ್ತೇನೆ. 1969ರಲ್ಲಿ ಕರ್ನಾಟಕ ಇಲ್ಲ, ಮೈಸೂರು ರಾಜ್ಯ; ಹೆಸರು ಬದಲಾದದ್ದು 1973ರಲ್ಲಿ. ದಾವಣಗೆರೆ ಜಿಲ್ಲೆ ಇಲ್ಲ, ಅದು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು, ಬೇರೆಯಾದದ್ದು 1997ರಲ್ಲಿ. ಕಾರ್ಯಪ್ಪನವರನ್ನು ಯಾರೂ ಫೀಲ್ಡ್ ಮಾರ್ಷಲ್ ಅನ್ನಬಾರದು. ಸುಬೇದಾರರಾಗಿ ನಿವೃತ್ತರಾದ ನೆರೆಯವರು ಕರಡು ಓದಿ ಮಾಜಿ ಸೈನಿಕರ ಸಲಾಮಿನ ಒಂದು ಸಾಲನ್ನು ತಿದ್ದಿಸಿದರು: ತಲೆಯ ಮೇಲೆ ಟೋಪಿಯೋ ಪೇಟವೋ ಇಲ್ಲದವನು ಕೈಯೆತ್ತಿ ಸೆಲ್ಯೂಟ್ ಹೊಡೆಯುವುದಿಲ್ಲ, ನೆಟ್ಟಗೆ ನಿಲ್ಲುತ್ತಾನೆ. ಪ್ಲಾಟ್‌ಫಾರಂ ದೃಶ್ಯಕ್ಕೆ ಅದರಿಂದ ಎಷ್ಟು ಬಲ ಬಂತು ಅಂದರೆ, ಅವರಿಗೆ ಒಂದು ಪ್ರತಿ ಸಹಿ ಹಾಕಿ ಕೊಟ್ಟೆ.

ಈಗ ನಾಟಕದವರು ಬೆನ್ನು ಬಿದ್ದಿದ್ದಾರೆ. ದಾವಣಗೆರೆಗೆ ಕಂಪನಿ ನಾಟಕದ ರುಚಿ ಹಳೆಯದು, ಅವರಿಗೆ ಜನರಲ್ ಗೆಲ್ಲಬೇಕು. "ಶಿಳ್ಳೆ ಬೀಳ್ಬೇಕಲ್ರಿ ಸರ್" ಅನ್ನುತ್ತಾರೆ. ಶಿಳ್ಳೆ ರೈಲ್ವೆ ಸ್ಟೇಷನ್ ದೃಶ್ಯಕ್ಕೆ ಬೀಳಲಿ, ಎಣಿಕೆಯನ್ನು ಮುಟ್ಟುವುದಿಲ್ಲ ಅಂದಿದ್ದೇನೆ. ಕೊನೆಗೆ ರಂಗದ ಮೇಲೆ ಒಂದು ಕರಿಹಲಗೆ ಇಡುವುದಕ್ಕೆ ಒಪ್ಪಿಗೆಯಾಗಿದೆ. ಪ್ರತಿ ಸುತ್ತಿನ ಮತ ಅದರ ಮೇಲೆ ಬರೆಯುತ್ತಾ ಹೋಗುವುದು, ಕೊಡಗಿನ 327 ಕೊನೆಗೆ. ಬರೆಯುವ ಪಾತ್ರಕ್ಕೆ ನಟರು ಯಾರೂ ಬೇಡ ಅಂತ ನಾನೇ ಹಟ ಹಿಡಿದು ನಮ್ಮ ಶಾಲೆಯ ಗಣಿತದ ಮೇಷ್ಟ್ರನ್ನು ಒಪ್ಪಿಸಿದ್ದೇನೆ. ಅವರು ಹಾಕಿರುವ ಷರತ್ತು ಒಂದೇ, ಭಾಗಾಕಾರವನ್ನು ಪ್ರೇಕ್ಷಕರ ಎದುರಿಗೇ ಪೂರ್ತಿ ಮಾಡಿ ತೋರಿಸಬೇಕಂತೆ.